ನಗಾರಿಯ ಒಂಟಿ ಚಪ್ಪಲಿ

ನನಗೆ ನಾಯಿ ಕಂಡರಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಯಿಯ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಅದನ್ನು ಎತ್ತಿ ಮುದ್ದಾಡುವ ಪೈಕಿ. ನಾನು ಆ ಪೈಕಿ ಅಲ್ಲ. ನಾನು ಬಾಡಿಗೆಗಿರುವುದು ಮಹಡಿಯ ಮೇಲೆ, ಕೆಳಗಿರುವುದು ನಾಯಿಗಳ ವಸತಿಗೃಹ. ಬಾಡಿಗೆ ಕಡಿಮೆ, ಕಾರಣ ಅದೇ. ಹಗಲೆಲ್ಲ ಬೊಗಳುವಿಕೆ ಕೇಳುತ್ತೇನೆ, ಮೆಟ್ಟಿಲಿಳಿಯುವಾಗ ಗೋಡೆಗೆ ಒತ್ತಿಕೊಂಡು ಇಳಿಯುತ್ತೇನೆ.

ವಸತಿಗೃಹ ನಡೆಸುವವರು ಸೀಟಿ ಅಕ್ಕ. ಕೆಲಸದಲ್ಲಿದ್ದಷ್ಟು ಕಾಲ ಬಸ್ ಕಂಡಕ್ಟರ್ ಆಗಿದ್ದವರು. ಬಾಯಲ್ಲಿ ಸೀಟಿ ಇಟ್ಟುಕೊಂಡೇ ಹುಟ್ಟಿದವರು ಎಂದು ಬೀದಿಯವರ ತಮಾಷೆ. ನಿವೃತ್ತಿಯಾದರೂ ಸೀಟಿ ಕೊರಳಿನಿಂದ ಇಳಿದಿಲ್ಲ. ಪ್ರಯಾಣ ಹೋಗುವವರು, ಆಸ್ಪತ್ರೆ ಸೇರುವವರು, ಮನೆಗೆ ಸುಣ್ಣಬಣ್ಣ ಮಾಡಿಸುವವರು ತಮ್ಮ ನಾಯಿಗಳನ್ನು ಅವರಲ್ಲಿ ಬಿಟ್ಟು ಹೋಗುತ್ತಾರೆ. ಸೀಟಿ ಒಮ್ಮೆ ಊದಿದರೆ ಎಲ್ಲವೂ ಕೂರುತ್ತವೆ, ಎರಡು ಸಲ ಊದಿದರೆ ಅಂಗಳಕ್ಕೆ ಹೊರಡುತ್ತವೆ. ಬಸ್ಸಿನ ಲೆಕ್ಕವೇ.

ಅಕ್ಕನ ದೊಡ್ಡ ಆಸ್ತಿ ಅವರ ಕಿವಿ. ತುಂಬಿದ ಬಸ್ಸಿನಲ್ಲಿ ಬಗ್ಗಿ ಟಿಕೆಟ್ ಹರಿಯುವವರಿಗೆ ಹಿಂದೆ ನೋಡಲು ಪುರುಸೊತ್ತೆಲ್ಲಿ? ಹಿಂದಿನ ಬಾಗಿಲಲ್ಲಿ ಯಾರು ಹತ್ತಿದರು, ಯಾರು ಟಿಕೆಟ್ ತಪ್ಪಿಸಲು ನಿದ್ದೆ ನಟಿಸುತ್ತಿದ್ದಾರೆ, ಯಾರ ಜಗಳ ಬರೀ ಬಾಯಿಮಾತು, ಯಾರದು ಕೈ ಕೈ ಮಿಲಾಯಿಸುವವರೆಗೆ ಹೋಗುತ್ತದೆ, ಎಲ್ಲವನ್ನೂ ಅವರು ಬೆನ್ನು ತಿರುಗಿಸಿಕೊಂಡೇ ಹೇಳಬಲ್ಲವರಾಗಿದ್ದರು. "ಕಣ್ಣು ಮೋಸ ಮಾಡುತ್ತೆ ಕಣಪ್ಪಾ, ಕಿವಿ ಮಾಡಲ್ಲ" ಎಂದು ನನಗೇ ಎಷ್ಟೋ ಸಲ ಹೇಳಿದ್ದಾರೆ.

ಇಂಥ ಕಿವಿಯವರಿಗೆ ಸಿಕ್ಕ ಗಂಡ ಟ್ರಂಕ್ ಮಾವ. ತಗಡಿನ ಟ್ರಂಕುಗಳನ್ನು ಬಡಿದು ಬಡಿದು ತಯಾರಿಸುವ ವರ್ಕ್‌ಶಾಪಿನಲ್ಲಿ ಆಯಸ್ಸು ಕಳೆದವರು. ಆ ಸದ್ದು ಅವರ ಎರಡು ಕಿವಿಗಳನ್ನೂ ತಿಂದು ತೇಗಿತು. ಮಗಳು ಕೊಡಿಸಿದ ಕಿವಿ ಮಷೀನು ಕಪಾಟಿನ ಖಾನೆಯಲ್ಲಿ ಮಲಗಿದೆ. ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ನಾನು ಕೈಸನ್ನೆಯಲ್ಲಿ ಕೇಳಿದ್ದಕ್ಕೆ, "ಹಾಕ್ಕೊಂಡ್ರೆ ಎಲ್ಲಾ ಕೇಳಿಸುತ್ತಲ್ಲಾ!" ಎಂದು ಕೂಗಿದರು. ಹೌದು, ಕೂಗಿದರು. ತಮ್ಮ ದನಿ ತಮಗೇ ಕೇಳದ್ದರಿಂದ ಮಾವನಿಗೆ ಮೆಲುಮಾತು ಎಂಬುದೇ ಇಲ್ಲ. ಟೀ ಬೇಕು ಎನ್ನುವುದನ್ನೂ ಮನೆಗೆ ಬೆಂಕಿ ಬಿದ್ದವರ ಹಾಗೆ ಹೇಳುತ್ತಾರೆ. ಅಕ್ಕ ಪ್ರತಿ ಸಲವೂ, "ಯಾಕ್ರೀ ಹಾಗೆ ಮೈಮೇಲೆ ಬೀಳ್ತೀರಿ?" ಎಂದು ಗೊಣಗಿ ಬೆನ್ನು ತಿರುಗಿಸುತ್ತಾರೆ. ಆ ಗೊಣಗಾಟ ಮಾವನಿಗೆ ಕೇಳುವುದಿಲ್ಲ. ಒಬ್ಬರಿಗೆ ಎಲ್ಲವೂ ಕೇಳುತ್ತದೆ, ಇನ್ನೊಬ್ಬರಿಗೆ ಏನೂ ಕೇಳುವುದಿಲ್ಲ. ಸಂಸಾರ ಹೇಗೋ ನಡೆಯುತ್ತಿತ್ತು. ಮಾತುಕತೆ ಮಾತ್ರ ಟೀ, ಸ್ನಾನ, ಗೇಟಿನ ಬೀಗ, ಇಷ್ಟಕ್ಕೆ ಬಂದು ನಿಂತಿತ್ತು.

ಹೊಸ ನಾಯಿ ಬಂದರೆ ಅಕ್ಕನದು ಒಂದೇ ವಿಧಾನ. ಉದ್ದನೆಯ ಹಾಲಿನ ನಡುವೆ ಆಟಿಕೆಗಳ ಬುಟ್ಟಿ ಇಡುತ್ತಾರೆ. ಅದರಲ್ಲಿ ಚೆಂಡು, ಗಂಟು ಹಾಕಿದ ಹಗ್ಗ, ಒತ್ತಿದರೆ ಕೀಂಯ್ ಎನ್ನುವ ರಬ್ಬರ್ ಬಾತುಕೋಳಿ, ಕಾಲುಚೀಲದೊಳಗೆ ತುರುಕಿದ ಖಾಲಿ ಬಾಟಲಿ. ಆಮೇಲೆ ನಾಯಿಗೆ ಬೆನ್ನು ಹಾಕಿ ಬಟಾಣಿ ಸುಲಿಯುತ್ತ ಕೂರುತ್ತಾರೆ. ದಿಟ್ಟಿಸಿದರೆ ನಾಯಿ ಮುದುಡಿಕೊಳ್ಳುತ್ತದಂತೆ, ಬೆನ್ನು ಹಾಕಿದರೆ ಬಿಚ್ಚಿಕೊಳ್ಳುತ್ತದಂತೆ. ಉಗುರಿನ ಟಕಟಕ ಯಾವ ಕಡೆಗೆ ಹೋಯಿತು, ಆಟಿಕೆಯನ್ನು ಮೂಲೆಗೆ ಒಯ್ದಿತೋ ಬಾಗಿಲಿಗೆ ಒಯ್ದಿತೋ, ಮನುಷ್ಯರ ಹತ್ತಿರ ತಂದಿತೋ, ಇಷ್ಟು ಕೇಳಿಸಿಕೊಂಡರೆ ಅವರಿಗೆ ಸಾಕು. ಬಾಗಿಲಿಗೆ ಒಯ್ಯುವ ನಾಯಿ ಮನೆಯವರಿಗಾಗಿ ಕಾಯುತ್ತಿದೆ. ಮೂಲೆಗೆ ಒಯ್ಯುವ ನಾಯಿಯ ಕೈಯಿಂದ, ಅಂದರೆ ಬಾಯಿಂದ, ಹಿಂದೆ ಯಾರೋ ಬಹಳ ಕಿತ್ತುಕೊಂಡಿದ್ದಾರೆ. ಹತ್ತಿರ ತಂದು, ನೀವು ಕೈ ಚಾಚುತ್ತಲೇ ಓಡುವುದು 'ಹಿಡಿ ನೋಡೋಣ' ಎನ್ನುತ್ತಿದೆ. ಮುಂಗಾಲು ಚಾಚಿ, ಎದೆ ನೆಲಕ್ಕಿಟ್ಟು, ಹಿಂಭಾಗ ಎತ್ತಿ ನಿಂತರೆ, 'ಇನ್ನು ನಾನು ಮಾಡೋದೆಲ್ಲ ತಮಾಷೆಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ' ಎಂದರ್ಥ. ಇನ್ನು ಗುರ್ರೆನ್ನುವುದರಲ್ಲಿ ಎರಡು ಬಗೆ. ಗಂಟಲಿನ ಗುರ್ರು ಆಟಕ್ಕೆ, ಹೊಟ್ಟೆಯ ಗುರ್ರು ಕಚ್ಚುವುದಕ್ಕೆ. ಈ ವ್ಯತ್ಯಾಸ ಗೊತ್ತಿದ್ದವರು ಈ ಪೇಟೆಯಲ್ಲಿ ತಾವೊಬ್ಬರೇ ಎಂಬ ಜಂಬ ಅಕ್ಕನಿಗೆ ಸ್ವಲ್ಪ ಇತ್ತು. ಇರಲಿ, ಯಾರಿಗೆ ತಾನೇ ಇರುವುದಿಲ್ಲ.

ಒಂದು ಭಾನುವಾರ ಮುಖ್ಯರಸ್ತೆಯ ಫೋಟೊ ಸ್ಟುಡಿಯೋದವನು ತನ್ನ ನಾಯಿಯನ್ನು ಎಳೆದುಕೊಂಡು ಬಂದ. ಕಪ್ಪು ಬಣ್ಣ, ಪೀಪಾಯಿಯಂಥ ಎದೆ. ಮರಿಯಾಗಿದ್ದಾಗಲೇ ಅದರ ದನಿ ಕೇಳಿ ನಗಾರಿ ಎಂದು ಹೆಸರಿಟ್ಟಿದ್ದನಂತೆ. ಬಾಯಲ್ಲಿ ಒಂದು ಒಂಟಿ ರಬ್ಬರ್ ಚಪ್ಪಲಿ, ಪಟ್ಟಿ ಕಿತ್ತುಹೋದದ್ದು, ಅಂಚೆಲ್ಲ ಅಗಿದದ್ದು. ಫೋಟೊದವನ ಅಂಗೈಗೆ ಬ್ಯಾಂಡೇಜು.

"ಅಕ್ಕ, ನಾಯಿ ಡಾಕ್ಟರು ನಿಮ್ಮ ಹತ್ರ ಕಳಿಸಿದ್ರು" ಎಂದ. "ಇದರ ಬಾಯಿಂದ ಈ ಚಪ್ಪಲಿ ತಗೊಳ್ಳೋಕೆ ಹೋದಾಗೆಲ್ಲ ಗುರ್ ಅನ್ನುತ್ತೆ. ಮೊನ್ನೆ ನನ್ನ ಕೈಗೆ ಹಲ್ಲು ತಾಗಿಸ್ತು. ಆಮೇಲೆ ಅಮ್ಮ ಸೋಫಾದಲ್ಲಿ ಕೂತಿದ್ಲು. ಇದು ಹೋಗಿ ಅವಳ ಕಾಲ ಹತ್ರ ಗುರ್ರಂತು, ಅವಳು ಹೆದರಿ ಎದ್ದು ಬಿದ್ದು ಮಣಿಕಟ್ಟು ಮುರ್ಕೊಂಡ್ಲು. ಈಗ ಮನೇಲಿ ಅದಿರಬೇಕು ಇಲ್ಲಾ ನಾನಿರಬೇಕು ಅಂತ ಕೂತಿದಾಳೆ."

"ಬೇರೆ ಯಾರಿಗಾದ್ರೂ ಕೊಡ್ಬಹುದಲ್ಲ?"

"ಕಚ್ಚೋ ನಾಯೀನ ಯಾರು ತಗೋತಾರೆ ಅಕ್ಕ? ಇಂಜೆಕ್ಷನ್ ಕೊಟ್ಟುಬಿಡಿ ಅಂತ ಡಾಕ್ಟರನ್ನ ಕೇಳ್ದೆ. ಅವರು, ಮೊದಲು ಸೀಟಿ ಅಕ್ಕನ್ನ ಒಂದು ಮಾತು ಕೇಳು, ಅವರು ಆಗಲ್ಲ ಅಂದ್ರೆ ಶನಿವಾರ ಕರ್ಕೊಂಡು ಬಾ ಅಂದ್ರು."

ಯಾವ ಇಂಜೆಕ್ಷನ್ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಅಲ್ಲಿದ್ದವರಲ್ಲಿ ಅದು ಗೊತ್ತಿಲ್ಲದಿದ್ದದ್ದು ನಾಯಿಗೆ ಮಾತ್ರ. ಫೋಟೊದವನು ಅದರ ತಲೆ ಸವರಲು ಕೈ ಎತ್ತಿದವನು ಅರ್ಧಕ್ಕೇ ಕೈ ಹಿಂದೆಗೆದುಕೊಂಡ. ಹೋಗುವಾಗ ತಿರುಗಿ ನೋಡಲಿಲ್ಲ. ಗೇಟಿನಾಚೆ ಸ್ಕೂಟರಿನ ಮೇಲೆ ಕೂತು ಬಹಳ ಹೊತ್ತು ಕಿಕ್ ಹೊಡೆಯದೆ ಇದ್ದುದನ್ನು ನಾನು ಮೇಲಿನಿಂದ ನೋಡಿದೆ.

ಅಕ್ಕ ಬುಟ್ಟಿ ಇಟ್ಟರು, ಬೆನ್ನು ಹಾಕಿ ಬಟಾಣಿ ಸುಲಿಯಲು ಕೂತರು. ನಗಾರಿ ಬುಟ್ಟಿಯನ್ನು ಮೂಸಿಯೂ ನೋಡಲಿಲ್ಲ. ಚಪ್ಪಲಿ ಕಚ್ಚಿಕೊಂಡು ನೇರವಾಗಿ ಅಕ್ಕನ ಬೆನ್ನ ಹಿಂದೆ ಬಂದು ನಿಂತಿತು. ಆಮೇಲೆ ಬಂದ ಗುರ್ರು ನನ್ನ ಮನೆಯ ನೆಲದವರೆಗೂ ಏರಿತು. ಲಾರಿ ಏರು ಹತ್ತುವಾಗ ಬರುವ ಸದ್ದು. ಹೊಟ್ಟೆಯದೇ, ಅನುಮಾನವೇ ಇಲ್ಲ.

"ಬಿಡು" ಎಂದರು ಅಕ್ಕ, ತಿರುಗದೆ. ಸದ್ದು ನಿಂತಿತು. ಉಗುರಿನ ಟಕಟಕ ಮೂಲೆಗೆ ಹೋಯಿತು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಹಿಂದೆ ಬರುತ್ತದೆ, ಹೊಟ್ಟೆಯಿಂದ ಗುರ್ರೆನ್ನುತ್ತದೆ, ಬಿಡು ಎಂದರೆ ಮೂಲೆ ಸೇರುತ್ತದೆ. ಅಕ್ಕ ಒಂದು ಕೈಯಲ್ಲಿ ಹಗ್ಗ ಆಡಿಸುತ್ತ ಇನ್ನೊಂದನ್ನು ಚಪ್ಪಲಿಗೆ ಚಾಚಿ ನೋಡಿದರು. ನಾಯಿಯ ಮೈ ಮರಗಟ್ಟಿತು, ಕಣ್ಣಿನ ಬಿಳಿ ಕಂಡಿತು. ಅವರು ಕೈ ಹಿಂದಕ್ಕೆ ತೆಗೆದರು. ಬುಧವಾರ ಬಟ್ಟೆ ಒಣಹಾಕುವಾಗ ಸಿಕ್ಕವರು, "ಇದು ಆಗೋದಲ್ಲ ಅನ್ಸುತ್ತೆ" ಎಂದರು. ಅಷ್ಟು ಹೇಳಲು ಅವರಿಗೆ ಒಂದು ಬಕೆಟ್ ಬಟ್ಟೆ ಒಣಹಾಕುವಷ್ಟು ಹೊತ್ತು ಹಿಡಿಯಿತು.

"ಬೊಗಳೋ ನಾಯಿ ಕಚ್ಚಲ್ಲ ಅಂತಾರಲ್ಲ ಅಕ್ಕ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಇದು ಬೊಗಳೋದೇ ಇಲ್ಲ ಕಣಪ್ಪಾ. ಅದೇ ತೊಂದರೆ."

ಗುರುವಾರ ಸಂಜೆ ಅವರು ಫೋಟೊದವನಿಗೆ ಫೋನ್ ಮಾಡಿದರು. ಅಂಗಳದಲ್ಲಿ ನಿಂತು ಮಾತಾಡಿದ್ದರಿಂದ ನನಗೂ ಕೇಳಿತು. "ನನ್ನ ಕೈಲಿ ಆಗ್ಲಿಲ್ಲಪ್ಪಾ. ಶನಿವಾರ ಬೆಳಿಗ್ಗೆ ಬಾ. ಡಾಕ್ಟರಿಗೂ ಹೇಳಿಡು." ಅಕ್ಕ ಫೋನನ್ನು ಕಿವಿಯಿಂದ ತೆಗೆದು ನೋಡಿದರು. ಅವನು ಆಗಲೇ ಇಟ್ಟಿದ್ದನಂತೆ. ನನಗೆ ನಾಯಿ ಕಂಡರಾಗದು, ನಿಜ. ಆದರೂ ಆ ಸಂಜೆ ಊಟ ಸೇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಕ್ಕ ಸಾಮಾನು ತರಲು ಅಂಗಡಿಗೆ ಹೋಗಿದ್ದರು. ಮೇಲಿನ ಟ್ಯಾಂಕು ತುಂಬಿ ಸುರಿಯುತ್ತಿತ್ತು. ಮೋಟಾರು ನಿಲ್ಲಿಸುವ ಸ್ವಿಚ್ಚು ಇರುವುದು ಕೆಳಗಿನ ಹಾಲಿನಲ್ಲಿ. ಕೂಗಿದರೆ ಮಾವನಿಗೆ ಕೇಳುವುದಿಲ್ಲ. ಕಿವುಡನ ಮುಂದೆ ಕಿನ್ನರಿ ನುಡಿಸಿ ಪ್ರಯೋಜನವಿಲ್ಲವೆಂದು ನಾನೇ ಇಳಿದೆ. ಹಾಲಿನ ಬಾಗಿಲು ತೆರೆದಿತ್ತು. ಇಣುಕಿದವನು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತೆ.

ಮಾವ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಹಳೆಯ ಟ್ರಂಕಿನ ಮುಚ್ಚಳ ಇಟ್ಟುಕೊಂಡು ಚಿಲಕ ಸರಿಮಾಡುತ್ತಿದ್ದರು. ಅವರ ಕಾಲಿನಿಂದ ಒಂದು ಮಾರು ದೂರದಲ್ಲಿ ನಗಾರಿ ಹಲ್ಲು ಬಿಟ್ಟುಕೊಂಡು, ಆ ಲಾರಿಯ ಸದ್ದು ಮಾಡುತ್ತ ನಿಂತಿತ್ತು. ಪಾಪ, ಮಾವ ತಮ್ಮ ಪಾಡಿಗೆ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದರು. "ಮಾವಾ!" ಎಂದು ಕಿರುಚಿದೆ. ಅವರು ಎಣ್ಣೆಯ ಡಬ್ಬಿ ಕೆಳಗಿಟ್ಟರು. ಕೆಳಗಿಡುವಾಗ ಕಾಲಿಗೆ ಏನೋ ತಗುಲಿತೆಂದು ಅದನ್ನು ಕಾಲಿನಿಂದಲೇ ಆಚೆ ತಳ್ಳಿದರು. ಅದು ನಗಾರಿಯ ಚಪ್ಪಲಿ. ನುಣುಪಾದ ನೆಲದ ಮೇಲೆ ಚಪ್ಪಲಿ ಜರ್ರನೆ ಗೋಡೆಯವರೆಗೆ ಜಾರಿತು.

ನಾಯಿ ಅದರ ಹಿಂದೆ ಹಾರಿತು, ಕಚ್ಚಿಕೊಂಡು ಬಂತು, ಮತ್ತೆ ಮಾವನ ಪಾದದ ಹತ್ತಿರ ಇಟ್ಟಿತು. ಹಿಂದೆ ಸರಿದು ಮತ್ತೆ ಗುರ್ರೆಂದಿತು. ಮಾವ, "ಥೂ, ಕಾಲಿಗೇ ಬರುತ್ತಲ್ಲ ಇದು!" ಎಂದು ಬೀದಿಗೆ ಕೇಳುವಂತೆ ಕೂಗಿ ಮತ್ತೆ ಒದ್ದರು. ನಾಯಿ ಮತ್ತೆ ತಂದಿತು. ಅವರು ಒದೆಯುವುದು, ಅದು ತರುವುದು. ಎಷ್ಟು ಹೊತ್ತಿನಿಂದ ಇದು ನಡೆದಿತ್ತೋ, ಎಷ್ಟು ದಿನದಿಂದ ಅಕ್ಕ ಇಲ್ಲದಾಗೆಲ್ಲ ನಡೆಯುತ್ತಿತ್ತೋ ಯಾರಿಗೆ ಗೊತ್ತು. ಮಾವನ ಮಟ್ಟಿಗೆ ಅದು ಆಟವೂ ಅಲ್ಲ, ನೊಣ ಓಡಿಸಿದ ಹಾಗೆ ಒಂದು ಕೆಲಸ.

ಅಷ್ಟರಲ್ಲಿ ಗೇಟು ಸದ್ದಾಯಿತು. ಅಕ್ಕ ಅಲ್ಲಿಂದಲೇ ಆ ಗುರ್ರು ಕೇಳಿಸಿಕೊಂಡರು. ಚೀಲವನ್ನು ಅಲ್ಲೇ ಎಸೆದು ಓಡಿ ಬಂದರು, ಸೀಟಿ ಬಾಯಿಗೆ ಹೋಗಿತ್ತು. ನಾನು ಅವರ ತೋಳು ಹಿಡಿದೆ. ಅಲ್ಲಿಯವರೆಗೆ ಆ ಹೆಂಗಸಿನ ತೋಳನ್ನು ಯಾರಾದರೂ ಹಿಡಿದಿದ್ದರೋ ಇಲ್ಲವೋ.

"ಊದಬೇಡಿ. ಮೊದಲು ನೋಡಿ" ಎಂದೆ.

"ಕೇಳಿಸ್ತಿಲ್ವಾ ನಿನಗೆ? ಹೊಟ್ಟೆಯಿಂದ ಬರ್ತಿದೆ!"

"ಕೇಳ್ಬೇಡಿ ಅಕ್ಕ, ನೋಡಿ."

ಅಕ್ಕ ಒಂದು ಕ್ಷಣ ನನ್ನನ್ನೇ ನುಂಗುವ ಹಾಗೆ ನೋಡಿದರು. ಆಮೇಲೆ ಎರಡು ಬೆರಳುಗಳನ್ನು ಎರಡು ಕಿವಿಗಳಿಗೆ ತುರುಕಿಕೊಂಡು ಬಾಗಿಲಲ್ಲಿ ನಿಂತರು.

ಸದ್ದು ತೆಗೆದುಬಿಟ್ಟರೆ ಅಲ್ಲಿದ್ದದ್ದು ಬೇರೆಯೇ ನಾಯಿ. ಮುಂಗಾಲು ಚಾಚಿತ್ತು. ಎದೆ ನೆಲಕ್ಕಿತ್ತು. ಹಿಂಭಾಗ ಮೇಲೆದ್ದಿತ್ತು, ಬಾಲ ಬೀಸುವ ರಭಸಕ್ಕೆ ಸೊಂಟವೇ ಆಚೀಚೆ ಹೋಗುತ್ತಿತ್ತು. ಬಾಯಿ ತೆರೆದಿತ್ತು, ತುಟಿ ಸಡಿಲವಾಗಿತ್ತು, ನಾಲಿಗೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಮಾವನ ಕಾಲು ಯಾವಾಗ ಅಲುಗೀತು ಎಂದು ಕಾಲನ್ನೇ ನೋಡುತ್ತಿತ್ತು. ಇದನ್ನೆಲ್ಲ ಅಕ್ಕನೇ ನನಗೆ ಹೇಳಿಕೊಟ್ಟವರು. ಹಾಗಾಗಿ ನಾಯಿ ಕಂಡರಾಗದ ನನಗೂ ಅರ್ಥವಾಯಿತು.

ಅಕ್ಕ ಬೆರಳು ತೆಗೆದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು. ಆಮೇಲೆ ಹೊಸ್ತಿಲ ಮೇಲೆ ಕೂತರು.

"ಅದರ ದನಿಯೇ ಅಷ್ಟು" ಎಂದರು. "ಅದಕ್ಕೆ ಗಂಟಲಿನ ಗುರ್ರು ಇಲ್ವೇ ಇಲ್ಲ. ಇರೋದು ಒಂದೇ. ನಗೋದಕ್ಕೂ ಅದೇ, ಕರೆಯೋದಕ್ಕೂ ಅದೇ. ದಿನಾ ನನ್ನ ಬೆನ್ನ ಹಿಂದೆ ಬಂದು ಆಡು ಬಾ, ಆಡು ಬಾ ಅಂತ ಕರೀತಿತ್ತು. ನಾನು ದಿನಾ ಬಿಡು ಅಂತ ಕಳಿಸ್ತಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಶನಿವಾರ ಬಾ ಅಂತ ನಾನೇ ಅಂದ್ಬಿಟ್ಟಿದ್ನಲ್ಲಪ್ಪಾ."

ನಗಾರಿ ಎಂದು ಹೆಸರಿಟ್ಟಾಗಲೇ ಉತ್ತರ ಅದರ ಕೊರಳಲ್ಲಿ ನೇತಾಡುತ್ತಿತ್ತು. ಕಿವಿ ಇದ್ದವರೆಲ್ಲ ಹೆದರಿದೆವು. ಕಿವಿ ಇಲ್ಲದವರು ಆಡಿದರು. ಟ್ಯಾಂಕು ಮಾತ್ರ ಇನ್ನೂ ಸುರಿಯುತ್ತಲೇ ಇತ್ತು, ನಾನು ಹೋಗಿ ಸ್ವಿಚ್ಚು ಆರಿಸಿದೆ.

ಶನಿವಾರ ಬೆಳಿಗ್ಗೆ ಫೋಟೊದವನು ಆಟೋ ಮಾಡಿಕೊಂಡು ಬಂದ. ಆಟೋದವನಿಗೆ ಕಾಯಲು ಹೇಳಿ ಒಳಗೆ ಬಂದ. ಗಡ್ಡ ಕೆರೆದಿರಲಿಲ್ಲ. ನಾಯಿಯ ಕೊರಳಪಟ್ಟಿಯತ್ತ ಬಗ್ಗಿದವನನ್ನು ಅಕ್ಕ ತಡೆದು ಕುರ್ಚಿಯಲ್ಲಿ ಕೂರಿಸಿದರು, ಕೈಯಲ್ಲಿ ಎರಡು ಉಂಡೆ ಹತ್ತಿ ಇಟ್ಟರು.

"ಇದನ್ನ ಕಿವಿಗೆ ಹಾಕ್ಕೋ."

"ಯಾಕಕ್ಕ?"

"ಹಾಕ್ಕೋ ಅಂದೆ. ಕೈ ಎರಡೂ ಕಂಕುಳಲ್ಲಿ ಇಟ್ಕೋ. ಕಾಲು ಮಾತ್ರ ಆಡ್ಸು."

ನಗಾರಿ ಚಪ್ಪಲಿ ತಂದಿಟ್ಟಿತು. ಫೋಟೊದವನು ಕಣ್ಣು ಮುಚ್ಚಿಕೊಂಡೇ ಅದನ್ನು ಹೆಬ್ಬೆರಳಿನಿಂದ ನೂಕಿದ. ಅದು ಗೋಡೆಗೆ ಹೋಗಿ ವಾಪಸು ಬಂತು. ಇನ್ನೊಮ್ಮೆ ನೂಕಿದ. ಮೂರನೆಯ ಸಲ ಕಣ್ಣು ಬಿಟ್ಟ. ಹತ್ತಿಯಿದ್ದರೂ ಆ ಸದ್ದು ಎದೆಗೆ ತಟ್ಟುತ್ತಿತ್ತೇನೋ, ಆದರೆ ಈಗ ಅವನು ನೋಡುತ್ತಿದ್ದ. ಬಾಲ, ಸೊಂಟ, ಜೋತುಬಿದ್ದ ನಾಲಿಗೆ. ಮುಖ ನೋಡಿ ಅದರ ಭಾವ ಹಿಡಿಯುವುದೇ ಕಸುಬಾದವನು, ತನ್ನ ನಾಯಿಯ ಮುಖವನ್ನು ಆಗಲೇ ಮೊದಲು ನೋಡುತ್ತಿದ್ದವನ ಹಾಗೆ ಕಂಡ.

ಒಮ್ಮೆ ಅಭ್ಯಾಸಬಲದಿಂದ ಕೈ ಚಾಚಿ ಚಪ್ಪಲಿ ತೆಗೆಯಲು ಹೋದ. ಬಾಲ ನಿಂತಿತು. ಮೈ ಮರಗಟ್ಟಿತು. ಅಕ್ಕ ಅವನ ಕಿವಿಯಿಂದ ಹತ್ತಿ ಕಿತ್ತರು.

"ಕಂಡ್ಯಾ? ಕೈ ಬಂದ್ರೆ ತನ್ನ ವಸ್ತು ಹೋಗುತ್ತೆ ಅಂತ ಅದಕ್ಕೆ ಗೊತ್ತು. ನೀನೇ ಕಲಿಸಿದ್ದು. ಎಷ್ಟು ಸಲ ಕಿತ್ಕೊಂಡಿದೀಯ ಅದರ ಬಾಯಿಂದ?"

"ಚಪ್ಪಲಿ ಗಲೀಜು ಅಂತ ಅಮ್ಮ..."

"ಕಾಲು ಕಿತ್ಕೊಳ್ಳಲ್ಲ. ಕಾಲು ಕೊಡುತ್ತೆ. ಕಿತ್ಕೊಳ್ಳದೆ ಇದ್ರೆ ನಿಧಾನಕ್ಕೆ ಕೈನೂ ನಂಬುತ್ತೆ. ಅಲ್ಲೀವರೆಗೆ ಚಿಕ್ಕ ಮಕ್ಕಳನ್ನ ಹತ್ರ ಬಿಡ್ಬೇಡ."

ಫೋಟೊದವನು ಕೈ ಎರಡನ್ನೂ ಮತ್ತೆ ಕಂಕುಳಿಗೆ ಸೇರಿಸಿದ. ಕಾಲಿನಿಂದ ಚಪ್ಪಲಿಯನ್ನು ಮತ್ತೆ ನೂಕಿದ. ಈ ಸಲ ಕಿವಿಯಲ್ಲಿ ಹತ್ತಿ ಇರಲಿಲ್ಲ. ನಗಾರಿ ಇಡೀ ಹಾಲ್ ನಡುಗುವ ಹಾಗೆ ಗುರ್ರೆಂದಿತು. ಅವನು ನಗಲು ಹೋಗಿ ಅತ್ತುಬಿಟ್ಟ. ಹೊರಗೆ ಆಟೋದವನು ಹಾರ್ನ್ ಬಾರಿಸಿದ. ಅಕ್ಕ ಕಿಟಕಿಯಿಂದಲೇ ಸೀಟಿ ಊದಿ ಅವನ ಬಾಯಿ ಮುಚ್ಚಿಸಿದರು.

"ಅಮ್ಮಂಗೆ ಏನಂತ ಹೇಳ್ಲಿ?"

"ಕೈ ಹಾಕ್ಬೇಡಿ, ಕಾಲಲ್ಲಿ ತಳ್ಳಿ ಅಂತ ಹೇಳು. ಹೇಗೂ ಅವರ ಕೈ ಪ್ಲಾಸ್ಟರ್‌ನಲ್ಲಿದೆ, ಒಳ್ಳೇದೇ ಆಯ್ತು."

ಆಟೋ ಡಾಕ್ಟರ ಬೀದಿಯ ಕಡೆಗೆ ಹೋಗದೆ ಎಡಕ್ಕೆ ತಿರುಗಿತು. ನಗಾರಿಯ ಬಾಯಲ್ಲಿ ಒಂಟಿ ಚಪ್ಪಲಿ ಇತ್ತು.

ಕೆಲವು ವಾರಗಳ ನಂತರ ಫೋಟೊದವನು ಚೌಕಟ್ಟು ಹಾಕಿಸಿದ ಒಂದು ಫೋಟೊ ತಂದುಕೊಟ್ಟ. ಅವನ ತಾಯಿ ಸೋಫಾದಲ್ಲಿ ಕೂತು, ಪ್ಲಾಸ್ಟರಿನ ಕೈಯನ್ನು ಎದೆಗೆ ಕಟ್ಟಿಕೊಂಡು, ಸೀರೆಯ ನೆರಿಗೆ ಸ್ವಲ್ಪ ಎತ್ತಿ ಕಾಲು ಚಾಚಿದ್ದಾರೆ. ಎದುರಿಗೆ ನಗಾರಿ ಎದೆ ನೆಲಕ್ಕಿಟ್ಟು ಹಲ್ಲು ಬಿಟ್ಟಿದೆ. ಫೋಟೊದಲ್ಲಿ ಸದ್ದಿಲ್ಲವಾದ್ದರಿಂದ ಇಬ್ಬರೂ ನಗುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅಕ್ಕ ಅದನ್ನು ಬುಟ್ಟಿ ಇಡುವ ಜಾಗದ ಎದುರಿನ ಗೋಡೆಗೆ ಹಾಕಿದರು. ಈಗ ಹೊಸ ನಾಯಿ ಬಂದಾಗ ಬೆನ್ನು ಹಾಕುವುದಿಲ್ಲ; ಪಕ್ಕಕ್ಕೆ ಕೂತು ಓರೆಗಣ್ಣಿನಲ್ಲಿ ನೋಡುತ್ತಾರೆ. ಬಟಾಣಿ ಮಾತ್ರ ಅದೇ.

ಫೋಟೊ ಹಾಕಿದ ದಿನ ಸಂಜೆ ನಾನು ಮೆಟ್ಟಿಲಿಳಿಯುತ್ತಿದ್ದೆ. ಅಂದು ವಸತಿಗೃಹದಲ್ಲಿ ನಾಯಿ ಒಂದೂ ಇರಲಿಲ್ಲ. ಮಾವ ಕುರ್ಚಿಯಲ್ಲಿ ಕೂತು ಫೋಟೊ ನೋಡುತ್ತಿದ್ದರು.

"ಅದು ಮತ್ತೆ ಬರಲ್ವಾ?" ಎಂದು ಗುಡುಗಿದರು.

ಅಕ್ಕನ ಬಾಯಿಗೆ ಅಭ್ಯಾಸದ ಮಾತು ಬಂದೇ ಬಂತು. "ಯಾಕ್ರೀ ಹಾಗೆ ಮೈಮೇ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಬೆನ್ನು ತಿರುಗಿಸಲಿಲ್ಲ. ಬಟಾಣಿಯ ತಟ್ಟೆ ಕೆಳಗಿಟ್ಟು ಗಂಡನ ಮುಖವನ್ನೇ ನೋಡಿದರು. ಮೆಟ್ಟಿಲಿಂದ ನನಗೂ ಆ ಮುಖ ಕಾಣುತ್ತಿತ್ತು. ಅದರಲ್ಲಿ ಸಿಟ್ಟಿರಲಿಲ್ಲ. ನಾಯಿಯಿಲ್ಲದೆ ಬೇಸರವಾದ ಒಬ್ಬ ಮುದುಕನ ಮುಖ, ಅಷ್ಟೇ. ಬಹುಶಃ ಬಹಳ ವರ್ಷಗಳಿಂದ ಅದು ಹಾಗೇ ಇತ್ತು.

ಅಕ್ಕ ತಮ್ಮ ಕಾಲಿನ ರಬ್ಬರ್ ಚಪ್ಪಲಿ ಒಂದನ್ನು ಕಳಚಿ, ಪಾದದಿಂದ ಮೆಲ್ಲಗೆ ಮಾವನ ಕಡೆಗೆ ನೂಕಿದರು. ಅದು ಜಾರಿಕೊಂಡು ಹೋಗಿ ಅವರ ಹೆಬ್ಬೆರಳಿಗೆ ತಾಗಿ ನಿಂತಿತು. ಮಾವ ಅದನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ಏನೇ ಇದು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ, ವಾಪಸು ಒದ್ದರು.

ನಾನು ಕೆಳಗಿಳಿಯದೆ ಅಲ್ಲಿಂದಲೇ ಮೇಲೆ ಹೋದೆ.